ಕೊಕ್ಕೆ ಹಾಕುವ ಮೊಳೆ

ಸವಣೂರಿನ ಹಮಾಲರ ಸಂಘದಲ್ಲಿ ಸಭೆಗೆ ಬಂದವರು ಚೀಲ ಎತ್ತುವ ಕೊಕ್ಕೆಯನ್ನು ಗೋಡೆಯ ಮೊಳೆಗೆ ಹಾಕಿ ಕೂರುವುದು ರೂಢಿ. ಈ ಸಲ ಅಷ್ಟುದ್ದದ ಗೋಡೆಗೆ ನಾಲ್ಕೇ ಕೊಕ್ಕೆ. ಉಳಿದವರು ಸಂಘ ಬಿಟ್ಟು ಗುತ್ತಿಗೆದಾರನ ಕೈಕೆಳಗೆ ಹೋಗಿದ್ದರು. ಮನೆಮನೆಗೆ ಹೋಗಿ ಕರೆದು ಕರೆದು ಅಧ್ಯಕ್ಷ ಕರಬಸಪ್ಪನಿಗೆ ಸಾಕಾಗಿತ್ತು.

"ಇವತ್ತ ಸಂಘಕ್ಕ ಕೀಲಿ ಹಾಕೂಣು," ಎಂದ.

ಬಾಗಿಲಲ್ಲಿ ರೋಶನಬಿ ನಿಂತಿದ್ದಳು. ಹಮಾಲರು ದುಡಿಯುವ ಮಾರ್ಕೆಟ್ಟಿನಲ್ಲೇ ಗೋವಿನಜೋಳ ಹಸನು ಮಾಡುವವಳು. ಅವಳ ಬೆನ್ನಿಗೆ ಜೊತೆಗಾರ್ತಿಯರ ದಂಡೇ ಇತ್ತು.

"ಅದಕ್ಕಿಂತ ಮೊದಲ ನಮ್ಮನ್ನ ಸೇರಿಸ್ಕೊರಿ ಕಾಕಾ. ಆ ಗುತ್ತಿಗೆದಾರ ನಮ್ಮ ಕೂಲೀನೂ ಇಳಸ್ಯಾನ."

"ನೀವು ಚೀಲ ಎತ್ತಂಗಿಲ್ಲಲಾ ತಂಗಿ. ಕೊಕ್ಕಿ ಇಲ್ಲದ ಹಮಾಲರು ಎಲ್ಲೆದಾರ?"

"ನಾವು ಹಸನ ಮಾಡಿ ತುಂಬಲಿಲ್ಲಂದ್ರ ಖಾಲಿ ಚೀಲ ಎತ್ತೀರೇನ್ರಿ?"

ಕುಳಿತಿದ್ದವರು ನಕ್ಕರು. ಕರಬಸಪ್ಪ ನಗಲಿಲ್ಲ. ರೋಶನಬಿ ಒಳಗೆ ಬಂದು ತನ್ನ ಕೈಯಲ್ಲಿದ್ದ ಮೊರವನ್ನು ಒಂದು ಖಾಲಿ ಮೊಳೆಗೆ ಸಿಕ್ಕಿಸಿದಳು. ಅದು ಜಾರಿ ಬಿತ್ತು. ಎತ್ತಿ ಮತ್ತೆ ಸಿಕ್ಕಿಸಿದಳು. ಮತ್ತೆ ಬಿತ್ತು.

ಕರಬಸಪ್ಪ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದ.

"ತಡಿಯವಾ, ಅದಕ್ಕ ಎರಡು ಮೊಳಿ ಬೇಕು," ಎನ್ನುತ್ತ ಸುತ್ತಿಗೆ ಹುಡುಕತೊಡಗಿದ.