ಕೆಂಪು ಹಿಡಿಗೆ ಕಟ್ಟಿದ ದಾರ

ಆಷಾಢ ಬಂತೆಂದರೆ ಯಾದವಗಿರಿಯ ನಮ್ಮ ಬೀದಿಯ ಕರೆಂಟ್ ತಂತಿಗೆ ಒಂದಾದರೂ ಗಾಳಿಪಟ ಸಿಕ್ಕಿಕೊಂಡಿರುತ್ತದೆ. ಪಟ ಹಾರಿಸುವಾಗ ಜಾರಿಹೋಗದಿರಲೆಂದು ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳುವುದು ನಮ್ಮ ಮನೆಯವರ ರೂಢಿ. ನನ್ನ ತೋರುಬೆರಳಿನಲ್ಲಿ ಅದರ ಗೆರೆ ಇನ್ನೂ ಇದೆ.

ಈ ಸಲ ಮಗಳು ಲಾಸ್ಯ ಬೇರೆಯೇ ಪಟದ ಮಾತು ತೆಗೆದಳು. ಇಲವಾಲದ ಆಚೆ, ಹಿನ್ನೀರಿನಲ್ಲಿ ಕೈಟ್‌ಬೋರ್ಡಿಂಗ್ ಕಲಿಯುತ್ತಾಳಂತೆ. ಕಾಲಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಕೋಣೆಯಗಲದ ಗಾಳಿಪಟ. ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವ ಆಟ.

“ಕಲಿಸೋದು ಯಾರು?” ಎಂದೆ.

“ಹೂಟಗಳ್ಳಿಯ ತೇಜಸ್ವಿನಿ ಅಕ್ಕ. ವಾರವೆಲ್ಲ ಫ್ಯಾಕ್ಟರಿ ಕೆಲಸ, ಭಾನುವಾರ ಇದು.”

“ಭಾನುವಾರ ಮಾತ್ರ ಕಲಿಸೋರು ಎಂಥ ಟೀಚರು?”

“ನೀನೇ ಬಂದು ನೋಡಮ್ಮ.”

ಹೋದೆ. ನನ್ನ ಅತ್ತೆ ಸಿದ್ದಲಿಂಗಮ್ಮನವರೂ ಕಾರು ಹತ್ತಿದರು. “ನಿನ್ನ ಅನುಮಾನಕ್ಕೆ ಜೊತೆ ಬೇಡವಾ?” ಎಂದರು.

ದಡದಲ್ಲಿ ಲೈಫ್ ಜಾಕೆಟ್‌ಗಳ ಬಕಲ್‌ಗಳನ್ನು ಒಂದೊಂದಾಗಿ ಹಾಕಿ ತೆಗೆದೆ. ಅನುಮತಿ ಪತ್ರವನ್ನು ಎರಡು ಸಲ ಓದಿದೆ. ತೇಜಸ್ವಿನಿ ನಗುತ್ತಲೇ ನಿಂತಿದ್ದಳು. ನಗುತ್ತ ಉತ್ತರ ಕೊಡುವವರ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿ.

“ದೋಣಿ ಇದೆ, ಸರಿ. ಓಡುತ್ತಾ?”

ಅವಳು ಹೋಗಿ ಮೋಟರ್ ಚಾಲೂ ಮಾಡಿ ತೋರಿಸಿದಳು.

“ಗಾಳಿ ಮಗೂನ ನಡುನೀರಿಗೆ ಒಯ್ದರೆ?”

“ದಡದಿಂದ ಒಳಕ್ಕೆ ಬೀಸೋ ಗಾಳೀಲಿ ಯಾರನ್ನೂ ಇಳಿಸಲ್ಲ ಆಂಟಿ. ಈಗ ಓರೆಯಾಗಿ ದಡದ ಕಡೆಗೇ ಬೀಸ್ತಿದೆ.”

ಆಗಲೇ ಅದು ನನ್ನ ಕಣ್ಣಿಗೆ ಬಿತ್ತು. ದಡದ ಮೇಲಿಟ್ಟಿದ್ದ ಸೊಂಟದ ಪಟ್ಟಿಗೂ ಪಟಕ್ಕೂ ನಡುವಿನ ಕೊಂಡಿಯಲ್ಲಿ ಒಂದು ಕೆಂಪು ಹಿಡಿ. ಲಾಸ್ಯ ಅದನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಕೊಂಡಿ ಟಕ್ಕನೆ ಬಿಚ್ಚಿಕೊಂಡಿತು. ಇಷ್ಟು ಸಡಿಲವಾದದ್ದಕ್ಕೆ ಮಗಳನ್ನು ಕಟ್ಟುತ್ತಾರೆಯೇ?

“ನೀರಿನ ಮಧ್ಯ ಬಿಚ್ಚೋದ್ರೆ ಎಂಗೆ?” ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು. “ಭದ್ರ ಮಾಡ್ಬುಡು.”

ಹೂ ಕಟ್ಟುವ ದಾರ ಕೈಚೀಲದಲ್ಲಿತ್ತು. ತೇಜಸ್ವಿನಿ ಲಾಸ್ಯಳಿಗೆ ಹೆಲ್ಮೆಟ್ ಹಾಕುತ್ತಿದ್ದಾಗ ನಾನು ಕೊಂಡಿಯನ್ನು ಮತ್ತೆ ಕೂಡಿಸಿ, ಕೆಂಪು ಹಿಡಿ ಅಲುಗದಂತೆ ಆರು ಸುತ್ತು ಸುತ್ತಿ ಗಂಟು ಹಾಕಿದೆ. ನನ್ನ ಮಟ್ಟಿಗೆ ಅಲ್ಲಿ ಸರಿಯಾಗಿ ಆದ ಕೆಲಸ ಅದೊಂದೇ.

ಲಾಸ್ಯಳಿಗೆ ಪಟ್ಟಿ ಕಟ್ಟಿ, ನೀರಿಗಿಳಿಸುವ ಮೊದಲು ತೇಜಸ್ವಿನಿ, “ಇನ್ನೊಂದ್ಸಲ ತಳ್ಳು ಲಾಸ್ಯ” ಎಂದಳು. ಲಾಸ್ಯ ತಳ್ಳಿದಳು. ಹಿಡಿ ಕದಲಲಿಲ್ಲ. ತೇಜಸ್ವಿನಿ ಬಗ್ಗಿ ನೋಡಿದಳು.

“ಈ ದಾರ ಯಾರು ಕಟ್ಟಿದ್ದು?”

ಅತ್ತೆ ನೀರಿನ ಕಡೆ ತಿರುಗಿ ನಿಂತರು.

“ನಾನು” ಎಂದೆ.

ಅವಳು ಗದರಲಿಲ್ಲ. ಮಗಳ ಸೊಂಟದ ಪಟ್ಟಿ ಬಿಚ್ಚಿ ನನಗೆ ಕಟ್ಟಿದಳು. “ನಾನೇ ಪಟ ಅಂದ್ಕೊಳ್ಳಿ. ಸಾಕು ಅನ್ನಿಸಿದಾಗ ಹಿಡಿ ತಳ್ಳಿ” ಎಂದು ಕೊಂಡಿಯ ಆಚೆಗಿನ ಹಗ್ಗ ಹಿಡಿದು ನೀರಿನತ್ತ ಎಳೆದಳು. ನಾನು ಹತ್ತು ಹೆಜ್ಜೆ ಓಡಿದೆ. ಹಿಡಿ ತಳ್ಳಿದೆ. ನನ್ನದೇ ಗಂಟು, ಬಿಡಲಿಲ್ಲ. ಮೊಣಕಾಲಿನವರೆಗೆ ನೀರು ಬಂದಾಗ ನನಗೇ ಗೊತ್ತಿಲ್ಲದೆ, “ಬಿಡು ಮಾರಾಯ್ತಿ” ಎಂದುಬಿಟ್ಟೆ.

“ನಾನು ಬಿಡ್ತೀನಿ. ಗಾಳಿ ಬಿಡಲ್ಲ ಆಂಟಿ.”

ಅವಳು ದಾರ ಕತ್ತರಿಸಿ ಮತ್ತೆ ಎಳೆದಳು. ಈ ಸಲ ತಳ್ಳಿದೊಡನೆ ಕೊಂಡಿ ಬಿಟ್ಟಿತು. ನಾನು ಕೆಸರಿನಲ್ಲಿ ಕುಳಿತೆ.

“ಸೀರೆ ಒಗೆಯೋ ಕೆಲ್ಸ ಆಯ್ತು ಕಣಮ್ಮ” ಎಂದರು ಅತ್ತೆ.

“ಕಟ್ಟು ಅಂದೋರು ನೀವೇ ಅಲ್ವಾ?”

“ನಾನು ಅಂದೆ. ಓದಿದೋಳು ನೀನು, ಕೇಳ್ಬೇಕಾಗಿತ್ತು.”

ಆಮೇಲೆ ಕೇಳಿದೆ. “ಬಿಚ್ಚಿದರೆ ಮುಳುಗಲ್ವಾ?”

“ಜಾಕೆಟ್ ತೇಲಿಸುತ್ತೆ, ದೋಣಿ ಬರುತ್ತೆ. ಬಿಚ್ಚದಿದ್ರೆ ಪಟ ಎಳ್ಕೊಂಡು ಹೋಗುತ್ತೆ, ಬಂಡೆಗೋ ಮರಕ್ಕೋ ತಂತಿಗೋ. ದೋಣಿ ಅಷ್ಟು ಬೇಗ ಹೋಗಲ್ಲ.”

ಲಾಸ್ಯ ಇಳಿದಳು. ಮೂರನೆಯ ಸಲ ಪಟ ಮೇಲೆದ್ದಾಗ ಗಾಳಿ ಜೋರಾಯಿತು. ಅವಳು ಮಗುಚಿ ಬಿದ್ದಳು. ಪಟ ಅವಳನ್ನು ದಡದ ಬಂಡೆಗಳತ್ತ ಎಳೆಯತೊಡಗಿತು. ಅಷ್ಟರಲ್ಲಿ ಅವಳ ಕೈ ಮುಂದಕ್ಕೆ ಹೋದದ್ದು ಕಂಡಿತು. ಅಷ್ಟೆತ್ತರದ ಪಟ ಒದ್ದೆ ದುಪ್ಪಟಿಯಂತೆ ನೀರಿನ ಮೇಲೆ ಮಲಗಿತು. ಮಗಳು ತೇಲುತ್ತಿದ್ದಳು. ದೋಣಿ ಹೊರಟಿತು.

ಕತ್ತರಿಸಿದ ದಾರ ನನ್ನ ಮುಷ್ಟಿಯಲ್ಲೇ ಇತ್ತು.

ಈಗ ಪ್ರತಿ ಭಾನುವಾರ ಆ ಕೆಂಪು ಹಿಡಿಯನ್ನು ಮೊದಲು ತಳ್ಳಿ ನೋಡುವವಳು ನಾನೇ. ನನ್ನ ಅನುಮಾನ ಹೋಗಿಲ್ಲ. ಹೋಗುವುದೂ ಬೇಡ.

ನಿಮ್ಮ ಮನೆಯ ಮಕ್ಕಳೂ ನೀರಿನ ಆಟಕ್ಕೆ ಹೊರಟಿದ್ದರೆ ದಯವಿಟ್ಟು ಅನುಮಾನಪಡಿ. ಈಜು ಕಲಿಸಿಯೇ ಕಳಿಸಿ. ಅನುಮತಿ ಪತ್ರ ತೋರಿಸಿ ಎನ್ನಿ, ಜಾಕೆಟ್ಟಿನ ಬಕಲ್ ಎಳೆದು ನೋಡಿ, ದೋಣಿಯ ಮೋಟರ್ ಚಾಲೂ ಮಾಡಿಸಿ, ಗಾಳಿ ಯಾವ ಕಡೆಗೆ ಎಂದು ಕೇಳಿ. “ಏನೂ ಆಗಲ್ಲ, ಬನ್ನಿ” ಎನ್ನುವವರಿದ್ದರೆ ಮಕ್ಕಳನ್ನು ಕರೆದುಕೊಂಡು ವಾಪಸ್ ಹೊರಡಿ. ಆದರೆ ಗೊತ್ತಿಲ್ಲದ ಸಾಮಾನನ್ನು ನನ್ನ ಹಾಗೆ ಕದ್ದು ಭದ್ರ ಮಾಡಲು ಹೋಗಬೇಡಿ. ಬಾಯಿಬಿಟ್ಟು ಕೇಳಿ. ಬೇಕಾದಾಗ ಬಿಚ್ಚಿಕೊಳ್ಳುವುದು ಹೇಗೆಂದು ಮಗು ನಿಮ್ಮ ಕಣ್ಣೆದುರು ಮಾಡಿ ತೋರಿಸುವವರೆಗೆ ನೀರಿಗೆ ಇಳಿಸಬೇಡಿ.