ಸೂಜಿ ಮಾಡದ ಡಾಕ್ಟರ್

ಸೂಜಿ ಮಾಡದ, ಒಂದು ಗುಳಿಗೆಯನ್ನೂ ಕೊಡದ ಡಾಕ್ಟರ್ ಒಬ್ಬರು ಗದಗಿನಲ್ಲಿದ್ದಾರೆ ಎಂಬ ಸುದ್ದಿ ತಿಳಿದ ದಿನದಿಂದ ಮೋತಿಬಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೆದರಿಕೆ ಅರ್ಧ, ಕುತೂಹಲ ಅರ್ಧ. ಖರೆ ಹೇಳಬೇಕೆಂದರೆ ಕುತೂಹಲವೇ ಒಂದು ಹಿಡಿ ಜಾಸ್ತಿ. ಅವಳು ಹುಟ್ಟಿದ್ದೇ ಹಾಗೆ. ಓಣಿಯಲ್ಲಿ ಆಟೋ ಬಂದು ನಿಂತರೆ ಯಾರು ಇಳಿದರು, ಕೈಯಲ್ಲಿ ಏನಿತ್ತು ಎಂದು ತಿಳಿಯುವ ತನಕ ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾದರೂ ಅವಳು ಬಾಗಿಲು ಬಿಟ್ಟು ಕದಲುವವಳಲ್ಲ.

ಆ ಡಾಕ್ಟರ ಕಡೆ ಹೋಗುವ ಪ್ರಸಂಗ ಬಂದದ್ದೂ ಈ ಚಟದಿಂದಲೇ. ಬೆಟಗೇರಿಯ ಒಂದು ಸೀರೆ ಕಾರ್ಖಾನೆಯಲ್ಲಿ ಅವಳು ಪವರ್‌ಲೂಮ್ ಓಡಿಸುತ್ತಾಳೆ. ಮೊನ್ನೆ ಅಂಗಳದಲ್ಲಿ ನಿಂತು, ಯಾವ ಬಣ್ಣದ ಸೀರೆ ಯಾವ ಊರಿಗೆ ಹೊರಟಿದೆ ಎಂದು ಕತ್ತು ಚಾಚಿ ನೋಡುತ್ತಿದ್ದಳು. ಹಿಂದಿನಿಂದ ಲಾರಿಯೊಂದು ಹಾರ್ನ್ ಬಾರಿಸುತ್ತ ಹಿಮ್ಮುಖವಾಗಿ ಬಂತು. ಮ್ಯಾನೇಜರ್ ಚನ್ನಬಸವಣ್ಣ ಓಡಿ ಬಂದು ರಟ್ಟೆ ಹಿಡಿದು ಎಳೆಯದಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು.

"ಅಷ್ಟು ಹಾರ್ನ್ ಹೊಡದ್ರೂ ಕೇಳಲಿಲ್ಲೇನ್ರಿ?" ಎಂದು ಚನ್ನಬಸವಣ್ಣ ಕೇಳಿದ.

"ಲಕ್ಷ್ಯ ಇರಲಿಲ್ರಿ ಅಣ್ಣಾರ."

"ಲಕ್ಷ್ಯನೋ, ಕಿವಿನೋ? ಒಮ್ಮೆ ಡಾಕ್ಟರ್ ಕಡೆ ಹೋಗಿ ಬರ್ರಿ. ಕಾರ್ಖಾನಿಯಿಂದನ ಕಳಸ್ತೇನಿ. ಔಷಧ ಕೊಡೋ ಡಾಕ್ಟರ್ ಅಲ್ಲ ಅವರು. ಮೈಗೂ ಕೆಲಸಕ್ಕೂ ಹೊಂದ್ತೈತೋ ಇಲ್ಲೋ ನೋಡ್ತಾರ, ಅಷ್ಟ."

ಅಷ್ಟೇ ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಂಜೆಯೊಳಗೆ ಇಡೀ ಶೆಡ್ಡು ಬರೀ ಮಾತಿನಲ್ಲೇ ಮೋತಿಬಿಯ ಕೆಲಸ ಬಿಡಿಸಿ ಮನೆಗೆ ಕಳಿಸಿಬಿಟ್ಟಿತ್ತು. "ಸೂಜಿ ಮಾಡಂಗಿಲ್ಲ, ಗುಳಿಗಿ ಕೊಡಂಗಿಲ್ಲ ಅಂದ್ರ ಅವರೆಂಥಾ ಡಾಕ್ಟರವಾ? ಪೊಲೀಸರ ಇರಬೇಕು!" ಎಂದಳು ಕುರ್ತಕೋಟಿಯಿಂದ ದಿನಾ ಬಸ್ಸಿಗೆ ಬರುವ ಹನಮಂತವ್ವ. "ಅಲ್ಲಿಗೆ ಹೋದಾಕಿ ಮತ್ತ ಮಗ್ಗ ಮುಟ್ಟಂಗಿಲ್ಲ, ಬರದಿಟ್ಕೋ."

ಹನಮಂತವ್ವ ಇದನ್ನು ಹೇಳಿದ್ದು ದನಿ ತೆಗೆದಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿ ಅಲ್ಲಾಡಿಸಿ, ಕೈ ತಿರುಗಿಸಿ ಮಾತಾಡುತ್ತಾರೆ. ಆ ತುಟಿಮಾತಿನಲ್ಲಿ ಮೋತಿಬಿಯನ್ನು ಮೀರಿಸುವವರಿಲ್ಲ. ಶೆಡ್ಡಿನ ಆ ತುದಿಯಲ್ಲಿ ಯಾರಾದರೂ ತಮ್ಮ ಸೊಸೆಯನ್ನು ಬೈದರೆ ಈ ತುದಿಯಲ್ಲಿ ಮೋತಿಬಿ ನಗುತ್ತಿದ್ದಳು. ತಾನೇ ಸಾಕಿದ, ತನ್ನನ್ನು ಖಾಲಾ ಎಂದು ಕರೆಯುವ ತಂಗಿಯ ಮಗಳು ಸಬೀನಾಳನ್ನು ನಾಲ್ಕು ವರ್ಷದ ಹಿಂದೆ ಪಕ್ಕದ ಮಗ್ಗಕ್ಕೆ ಹಚ್ಚಿಸಿದಾಗ ಮೊದಲು ಕಲಿಸಿದ್ದೂ ಅದನ್ನೇ.

ಆದರೆ ಮೋತಿಬಿಗೆ ಒಂದು ಮಾತು ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳ ಕಿವಿ ಹೋಗಿತ್ತು. ಮಸೀದಿಯ ಅಜಾನ್ ಈಗ ದೂರದ ಗುಂಯ್ ಸದ್ದು. ಮನೆಯಲ್ಲಿ ಗಂಡ ಬೆನ್ನ ಹಿಂದೆ ಕರೆದರೆ ಗೋಡೆ ಕರೆದ ಹಾಗೆ. ಡಾಕ್ಟರು ಅದನ್ನು ಹಿಡಿದುಬಿಟ್ಟರೆ ಮಗ್ಗ ಹೋಯಿತು, ಮಗ್ಗ ಹೋದರೆ ಶೆಡ್ಡೂ ಹೋಯಿತು. ಆ ಹೆದರಿಕೆಯಲ್ಲೇ ಅವಳು ಸಬೀನಾಳನ್ನು ಜೊತೆ ಮಾಡಿಕೊಂಡು ಗದಗಿನ ಆಟೋ ಹತ್ತಿದಳು.

ಡಾಕ್ಟರ್ ಅಂಕಿತಾ ಸಣ್ಣ ಪ್ರಾಯದವರು. ನೆಗಡಿಯೆಂದು ಮೂಗು ಬಾಯಿ ಮುಚ್ಚಿ ಮಾಸ್ಕ್ ಹಾಕಿಕೊಂಡಿದ್ದರು. ಮೋತಿಬಿ ಆ ಮಾಸ್ಕನ್ನೇ ನೋಡಿದಳು. ತುಟಿಯೇ ಇಲ್ಲದ ಮುಖವನ್ನು ಓದುವುದು ಹೇಗೆ? ಆದರೂ ಅವಳೇನು ಕಡಿಮೆಯೇ! ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲ ಮಾತು ಆರಾಮ ಅದೀರೇನು, ಎರಡನೆಯದು ಊಟ ಆತೇನು, ಮೂರನೆಯದು ಚಾ ಕುಡಿತೀರೇನು. ಡಾಕ್ಟರಾದರೇನು, ಅವರೂ ಈ ಸೀಮೆಯವರೇ ಅಲ್ಲವೇ? ಅದೇ ಸಾಲು ಹಿಡಿದು ಉತ್ತರ ಕೊಟ್ಟರಾಯಿತು ಎಂದುಕೊಂಡಳು.

ಮಾಸ್ಕ್ ಅಲ್ಲಾಡಿತು. "ನಾ ಆರಾಮ ಅದೇನಿ ನೋಡ್ರಿ," ಎಂದಳು ಮೋತಿಬಿ.

ಡಾಕ್ಟರು ತಲೆಯಾಡಿಸಿದರು. ಸರಿಹೋಯಿತು. ಮಾಸ್ಕ್ ಮತ್ತೆ ಅಲ್ಲಾಡಿತು.

"ಹೂಂನ್ರಿ, ರೊಟ್ಟಿ ಬದ್ನಿಕಾಯಿ ಪಲ್ಯ ಉಂಡ ಬಂದೇನಿ."

ಡಾಕ್ಟರ ಹುಬ್ಬು ಮೇಲೇರಿತು. ಮಾಸ್ಕ್ ಈ ಸಲ ಬಹಳ ಹೊತ್ತು ಅಲ್ಲಾಡಿತು.

"ಬ್ಯಾಡ್ರಿ ಡಾಕ್ಟರ್ ಬಾಯಾರ, ಈಗ ಕುಡದ ಬಂದೇನಿ. ಒತ್ತಾಯ ಮಾಡ್ತೀರಂದ್ರ ಅರ್ಧ ಕಪ್ ಸಾಕು."

ಡಾಕ್ಟರು ಎದ್ದು ಹೋಗಿ ಕಿಟಕಿ ತೆರೆದರು, ದೂರದ ಕುರ್ಚಿಯಲ್ಲಿ ಕೂತು ಮಾಸ್ಕ್ ತೆಗೆದರು. ಬಾಯಿ ತುಂಬ ನಗುತ್ತಿದ್ದರು. "ಮೋತಿಬಿಯವರ, ನಿಮ್ಮನ್ನ ಇಲ್ಲಿ ಯಾಕ ಕಳಿಸ್ಯಾರ ಗೊತ್ತೈತೇನು ಅಂತ ಕೇಳಿದ್ದೆ. ನೀವು ಬದ್ನಿಕಾಯಿ ಪಲ್ಯ ಅಂದ್ರಿ. ಕಿವಿಗೆ ಎಷ್ಟು ದಿನದಿಂದ ತ್ರಾಸ ಐತಿ ಅಂತ ಕೇಳಿದೆ, ಅರ್ಧ ಕಪ್ ಚಾ ಅಂದ್ರಿ."

ಮೋತಿಬಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸಬೀನಾ ಬಾಗಿಲ ಬಳಿ ದುಪಟ್ಟಾ ಕಚ್ಚಿ ನಗು ತಡೆದುಕೊಂಡಳು.

ಮುಂದೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿರಿ ಎಂದರು. ಗಾಜಿನ ಆಚೆ ಡಾಕ್ಟರ ಬೆರಳು ಯಂತ್ರದ ಮೇಲೆ ಬಿದ್ದಾಗಲೆಲ್ಲ ಮೋತಿಬಿ ಗುಂಡಿ ಒತ್ತಿದಳು. ಭೇಷ್, ಪಾಸಾದೆ ಎಂದುಕೊಂಡಳು. ಡಾಕ್ಟರು ಒಳಬಂದು ಅವಳ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹೋದರು. ಆಮೇಲೆ ಗುಂಡಿ ಒತ್ತುವ ಪ್ರಸಂಗ ಬಹಳ ಬರಲಿಲ್ಲ.

"ಗೊತ್ತಾತಲ್ರಿ?" ಎಂದಳು ಹೊರಬಂದು. ಕಣ್ಣಲ್ಲಿ ನೀರು ತುಂಬಿತ್ತು. "ಇನ್ನ ಮಾಲಕರಿಗೆ ಹೇಳಿ ತಗಸ್ರಿ ನನ್ನ."

"ತಗಿಯೋದು, ಇಟ್ಕೊಳ್ಳೋದು ನನ್ನ ಕೈಯಾಗ ಇಲ್ರಿ," ಎಂದರು ಅಂಕಿತಾ, ಮುಖವನ್ನು ಅವಳಿಗೇ ನೇರ ಹಿಡಿದು. "ಏನು ಬದಲ ಮಾಡಿದ್ರ ನೀವು ಸುರಕ್ಷಿತ ಕೆಲಸ ಮಾಡಬಹುದು ಅನ್ನೋದಷ್ಟ ನಾ ಬರಿಯಾಕಿ. ಬರದದ್ದನ್ನ ಮೊದಲ ನಿಮಗ ಓದಿ ಹೇಳ್ತೇನಿ. ನೀವು ಹೂಂ ಅನ್ನದ ನಿಮ್ಮ ಬ್ಯಾನಿ ಸುದ್ದಿ ಈ ಕೋಣಿ ದಾಟಂಗಿಲ್ಲ. ಗದ್ದಲ ಇಲ್ಲದ ಕಡೆ, ಸೀರಿ ಮಡಚೋ ಕೋಣಿಗೆ ಹಾಕ್ರಿ ಅಂತ ಬರೀಲೇನು?"

"ಬ್ಯಾಡ್ರಿ! ಅದೊಂದು ಬ್ಯಾಡ್ರಿ." ಮೋತಿಬಿ ಎದ್ದೇಬಿಟ್ಟಳು. "ಶೆಡ್ಡಿನ್ಯಾಗ ಯಾರಿಗೂ ಕೇಳಂಗಿಲ್ರಿ ಬಾಯಾರ. ಅಲ್ಲಿ ನಾ ಎಲ್ಲಾರಂಗ ಒಬ್ಬಾಕಿ. ಎಲ್ಲಾರಕಿಂತ ಒಂದ ಕೈ ಮ್ಯಾಲ. ಮಡಚೋ ಕೋಣ್ಯಾಗ ಎಲ್ಲಾರೂ ತಲಿ ಬಗ್ಗಿಸಿ ಮಾತಾಡ್ತಾರ. ಅಲ್ಲಿ ಕುಂತ್ರ ನಾ ಕಿವುಡಿ ಆಗ್ತೇನಿ."

ಅಂಕಿತಾ ಪೆನ್ನು ಕೆಳಗಿಟ್ಟರು. ಇಂಥ ಮಾತನ್ನು ಅವರು ಯಾವ ರೋಗಿಯ ಬಾಯಲ್ಲೂ ಕೇಳಿರಲಿಲ್ಲ. "ಹೆಂಗ ಮಾತಾಡ್ತೀರಿ ತೋರಸ್ರಿ ನೋಡೂಣು," ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಕೇಳಿದ್ದೇ ತಡ, ಮೋತಿಬಿಗೆ ಹುರುಪು ಬಂತು. ಸಬೀನಾಳನ್ನು ಬಾಗಿಲ ಬಳಿಯೇ ನಿಲ್ಲಿಸಿ, ಇಲ್ಲಿಂದ ತುಟಿಯಲ್ಲಿ ಏನೋ ಅಂದಳು. ಸಬೀನಾ ತುಟಿಯಲ್ಲೇ ಉತ್ತರ ಕೊಟ್ಟಳು. ಇಬ್ಬರೂ ನಕ್ಕರು. "ಡಾಕ್ಟರ್ ಬಾಯಾರು ಚಂದ ಅದಾರ, ಲಗ್ನ ಆಗೈತೇನು ಕೇಳು ಅಂದೆ. ಆಕಿ ನೀನ ಕೇಳು ಅಂದ್ಲು," ಎಂದು ಮೋತಿಬಿ ಒಪ್ಪಿಸಿದಳು. "ಮೂರು ತಿಂಗಳಿನ್ಯಾಗ ಕಲತಾಳ್ರಿ ಹುಡುಗಿ. ನನಗ ಎರಡು ವರ್ಷ ಹಿಡದಿತ್ತು!"

ಅಂಕಿತಾ ನಕ್ಕರು. ಮತ್ತೆ ಮಾಸ್ಕ್ ಹಾಕಿಕೊಂಡು ಎದ್ದು, ಸುಮ್ಮನೆ ಸಬೀನಾಳ ಹಿಂದೆ ಹೋಗಿ ನಿಂತರು. ಸಬೀನಾಳ ಕಣ್ಣು ಖಾಲಾಳ ತುಟಿಯ ಮೇಲೇ ಇತ್ತು.

ಮೋತಿಬಿಗೆ ಏನೂ ಕೇಳಿಸಲಿಲ್ಲ. ಆದರೆ ಕಾಣಿಸಿತು. ಮಾಸ್ಕ್ ಅಲ್ಲಾಡಿ ನಿಂತಿತು. ಡಾಕ್ಟರು ಕಾದರು. ಸಬೀನಾ ಕದಲಲಿಲ್ಲ. ಮಾಸ್ಕ್ ಇನ್ನೊಮ್ಮೆ ಅಲ್ಲಾಡಿತು, ಈ ಸಲ ಕೊರಳ ನರ ಎದ್ದು ಕಾಣುವಷ್ಟು ಜೋರಾಗಿ. ಹುಡುಗಿ ನಗುತ್ತಲೇ ಇದ್ದಳು, ಖಾಲಾ ಮುಂದೇನು ಹೇಳುತ್ತಾಳೋ ಎಂದು ಕಾಯುತ್ತ.

ಯಾ ಅಲ್ಲಾ! ಮೂರು ತಿಂಗಳಿನಲ್ಲಿ ಕಲಿತಳು ಎಂದು ಇಡೀ ಬೆಟಗೇರಿಗೆ ಸಾರಿಕೊಂಡು ಬಂದಿದ್ದಳಲ್ಲ. ಹುಡುಗಿ ಜಾಣೆಯೆಂದು ತುಟಿ ನೋಡುತ್ತಿರಲಿಲ್ಲ, ಈಗ ಬೇರೆ ದಾರಿ ಇಲ್ಲದೆ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ತುಂಬದ ಕೂಸು. ಕೈ ಹಿಡಿದು ಕರೆತಂದು ಆ ಗದ್ದಲದಲ್ಲಿ ನಿಲ್ಲಿಸಿದವಳು ತಾನೇ. ಮೋತಿಬಿ ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಳು.

ಅಂಕಿತಾ ಎದುರು ಬಂದು ಮಾಸ್ಕ್ ಇಳಿಸಿದರು. "ಆಕಿ ಕಿವಿನೂ ಹೋಗಾಕ ಹತ್ಯಾವ, ಆದ್ರ ನಿಮ್ಮಷ್ಟು ಹೋಗಿರಲಿಕ್ಕಿಲ್ಲ. ತಪಾಸ ಮಾಡಬೇಕು. ಹೋದದ್ದು ಬರಂಗಿಲ್ಲ, ಖರೆ, ಇದ್ದದ್ದನ್ನ ಉಳಸಬಹುದು."

"ಹೆಂಗ್ರಿ?"

"ಶೆಡ್ಡಿನ ಗದ್ದಲ ಅಳೀರಿ, ಎಲ್ಲಾರಿಗೂ ಕಿವಿ ಮುಚ್ಚೋ ಸಾಮಾನು ಕೊಡ್ರಿ, ಎಲ್ಲಾರನೂ ಇಲ್ಲಿಗೆ ಕಳಸ್ರಿ ಅಂತ ಬರೀತೇನಿ. ಯಾರ ಹೆಸರೂ ಇಲ್ಲದ ಬರದ್ರ ಮಾಲಕರು ಓದಿ ಬಾಜೂಕ ಇಡಬಹುದು. ಈ ಶೆಡ್ಡಿನ್ಯಾಗ ಒಬ್ಬಾಕಿ ಕಿವಿ ಹೋಗ್ಯಾವ ಅಂತ ಬರದ್ರ ಹಂಗ ಇಡಾಕ ಬರಂಗಿಲ್ಲ. ಆದ್ರ ನೀವು ಹೂಂ ಅನ್ನಬೇಕು. ಹೂಂ ಅಂದ್ರ ಮಾಲಕರು ನಿಮ್ಮನ್ನ ಮಡಚೋ ಕೋಣಿಗೆ ಹಾಕಬಹುದು."

ಮೋತಿಬಿ ಕಣ್ಣೊರೆಸಿಕೊಂಡಳು.

"ಬರೀರಿ. ಮೋತಿಬಿ ಕಿವಿ ಮಗ್ಗದ ಗದ್ದಲಕ್ಕ ಹೋಗ್ಯಾವ ಅಂತ ದಪ್ಪ ಅಕ್ಷರದಾಗ ಬರೀರಿ. ಮಡಚೋ ಕೋಣಿಗಾದ್ರೂ ಹಾಕಲಿ, ಮನಿಗಾದ್ರೂ ಕಳಸಲಿ. ನಾ ಒಬ್ಬಾಕಿ ಕಿವುಡಿ ಆದ್ರ ಸಾಕು."

ಡಾಕ್ಟರು ಬಾಗಿಲ ಕಡೆ ಬೆರಳು ತೋರಿಸಿದರು. ಮೋತಿಬಿ ತಿರುಗಿ ನೋಡಿದಳು. ಖಾಲಾ ಬೆನ್ನು ಹಾಕಿ ಆಡಿದ ಮಾತಿನಲ್ಲಿ ಒಂದೂ ದಕ್ಕದೆ ಸಬೀನಾ ಪೆಚ್ಚಾಗಿ ನಿಂತಿದ್ದಳು. ಅವಳ ತುಟಿ ಕೇಳುತ್ತಿತ್ತು: "ಏನಂದಿ ಖಾಲಾ?"

ಮೋತಿಬಿ ಎದ್ದು ಹೋಗಿ ಹುಡುಗಿಯ ಕೈ ಹಿಡಿದಳು. ತುಟಿಮಾತು ಬಿಟ್ಟು, ಎಷ್ಟು ಜೋರಾಯಿತೆಂದು ತನಗೇ ತಿಳಿಯದ ದನಿಯಲ್ಲಿ ಹೇಳಿದಳು, "ಬಾ ಬೇಟಾ, ಕುಂಡ್ರು. ನಿನ್ನ ಕಿವಿ ತೋರಸೂಣು."