ಒಂದೇ ಕಡ್ಡಿಯ ಸರಪಳಿ

ಚಳಿ ಕಾಲು ಕಿತ್ತು ಬಿಸಿಲು ಚುರುಗುಟ್ಟತೊಡಗಿದ್ದ ದಿನಗಳು; ಬೆಳಿಗ್ಗೆ ಹತ್ತೂವರೆ ಇದ್ದೀತು. ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿದ್ದ ಪಿಟೀಲು ರಿಪೇರಿಯ ಮುದುಕ ತಲೆಯೆತ್ತದೆ ಕೇಳಿದ: "ಮೇಸ್ತ್ರಿಗಳೇ, ನೀವು ಎಡಗೈಯವರಾ?"

"ಅಲ್ಲವಲ್ಲ. ಯಾಕೆ?"

"ಈ ಮರದ ಸರಪಳಿ ನೋಡಿ. ಚಾಕು ಎಳೆದ ಗೆರೆಯೆಲ್ಲ ಉಲ್ಟಾ ಓರೆ. ಇದು ಬಲಗೈ ಕೆಲಸ ಅಲ್ಲ."

ಮೂಲೆಯಲ್ಲಿ ಗಾಜು ಒರೆಸುತ್ತಿದ್ದ ಎಡಚಿಯ ಕೈ ನಿಂತಿತು. ಅವಳು ಮೇಸ್ತ್ರಿಯ ತಂಗಿ. ಹೆತ್ತವರು ಇಟ್ಟ ಹೆಸರು ಮನೆಯಲ್ಲಿ ಯಾರ ನಾಲಗೆಯ ಮೇಲೂ ಉಳಿದಿರಲಿಲ್ಲ; ಎಡಗೈಯಲ್ಲಿ ಚಮಚ ಹಿಡಿದ ದಿನದಿಂದ ಅವಳು ಎಡಚಿಯೇ.

ಆ ಮನೆಯ ಮುಂದಿನ ಮೂರು ಕೋಣೆಗಳೇ ಮ್ಯೂಸಿಯಂ. ಚಕ್ರ ತಿರುಗುವ ರೈಲು ಎಂಜಿನ್ನು, ಗಡಿಯಾರದ ಗೋಪುರ, ಅಂಗೈಯಷ್ಟು ಹೊಲಿಗೆ ಯಂತ್ರ, ಮೊಳದುದ್ದದ ಹಡಗು, ಎಲ್ಲವೂ ಮರದವು. ಹಡಗಿನ ಲಂಗರಿಗೆ ಅಂಟಿಲ್ಲದೆ, ಜೋಡಣೆಯಿಲ್ಲದೆ, ಒಂದೇ ಕಡ್ಡಿಯಿಂದ ಕೆತ್ತಿ ಬಿಡಿಸಿದ ನೂರಾ ಹನ್ನೆರಡು ಕೊಂಡಿಗಳ ಸರಪಳಿ. ಅಳತೆ, ಆಕಾರ, ಗರಗಸದ ಕೆಲಸ, ಜೋಡಣೆ ಅಣ್ಣನವು. ಅದರಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ ಉಗುರಿಗಿಂತ ಸಣ್ಣದೆಲ್ಲ ತಂಗಿಯದು. ಹಿತ್ತಲ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು ಕೆತ್ತಿದ್ದಳು.

ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕದ ಒಕ್ಕಣೆ ಬರೆದುಕೊಳ್ಳಲು ಅವತ್ತು ಊರಿನ ಕರಕುಶಲ ಸಂಘದ ಅಧ್ಯಕ್ಷರು ಬಂದಿದ್ದರು. "ಕೆಳಗೆ ನಿನ್ನದೂ ಒಂದು ಸಾಲು ಹಾಕಿಸ್ತೀನಿ ಕಣೇ" ಎಂದು ಹಡಗು ಮುಗಿಯುವ ಮುಂಚೆ ಅಣ್ಣ ಅಂದಿದ್ದ. ಆ ಸಾಲು ಕಿವಿಗೆ ಬೀಳಲಿ ಎಂದು ಎಡಚಿ ಒಂದೇ ಗಾಜನ್ನು ಮೂರನೆಯ ಸಲ ಒರೆಸುತ್ತಿದ್ದಳು.

"ಹಾಗಾದ್ರೆ ಇದನ್ನ ಮಾಡಿದ್ದು ಯಾರು?" ಅಧ್ಯಕ್ಷರು ಪೆನ್ನು ತಡೆದರು.

"ನಾನು ಸಾರ್," ಅಂದುಬಿಟ್ಟಳು ಎಡಚಿ.

ಮೇಸ್ತ್ರಿ ಹೊಟ್ಟೆ ಕುಲುಕಿಸಿ ನಕ್ಕ. ಸಿಟ್ಟು ನೆತ್ತಿಗೇರಿದಾಗ ನಗುವುದು ಅವನ ಅಭ್ಯಾಸ. ಮನೆಯವರಿಗೆ ಮಾತ್ರ ಅದು ಗೊತ್ತು. "ಧೂಳು ಒರೆಸಿ ಒರೆಸಿ ಎಲ್ಲ ತನ್ನದೇ ಅನ್ನಿಸಿಬಿಟ್ಟಿದೆ, ಪಾಪ. ಆಗ್ಲಿ ಕಣಮ್ಮ, ಇವರ ಎದುರೇ ಒಂದು ಕೊಂಡಿ ಬಿಡಿಸು. ಬಿಡಿಸಿದ್ರೆ ನಿನ್ನ ಹೆಸರೇ ಮೇಲೆ, ನನ್ನದು ಕೆಳಗೆ."

ಒಂದು ಕಡ್ಡಿಯನ್ನೂ ತನ್ನ ಚಾಕುವನ್ನೂ ಅವಳ ಮುಂದಿಟ್ಟ. ಅವಳ ಚಾಕುಗಳು, ಜನ ಬರುವ ದಿನ ಕಾಣಬಾರದೆಂದು, ಅತ್ತಿಗೆಯ ಬೀರುವಿನಲ್ಲಿ ಬೀಗದೊಳಗಿದ್ದವು.

"ಅಣ್ಣ, ಇದು ಬಲಗೈಗೆ ಮಸೆದದ್ದು. ನನ್ನದು ಕೊಡಿಸು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದಳು ಬಾಗಿಲಲ್ಲಿದ್ದ ಅತ್ತಿಗೆ. ಅಧ್ಯಕ್ಷರೂ ನಕ್ಕರು.

ಅಂಥ ಚಾಕುವಿನ ಬಾಯನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ. ಬಲಗೈಯಲ್ಲಿ ಹಿಡಿದರೆ ಮರದ ಮೇಲೆ ತೇಲುತ್ತದೆ. ಎಡಗೈಯಲ್ಲಿ ಹಿಡಿದರೆ ಒಳಕ್ಕೆ ಇಳಿದು ಮರವನ್ನೇ ಸೀಳುತ್ತದೆ. ಅಲ್ಲಿದ್ದವರಲ್ಲಿ ಮೂವರಿಗೆ ಇದು ಗೊತ್ತಿತ್ತು: ಅಣ್ಣನಿಗೆ, ತಂಗಿಗೆ, ಪಿಟೀಲಿನ ಮುದುಕನಿಗೆ.

ಒಲ್ಲೆ ಅಂದು ಒಳಗೆ ಹೋಗಿದ್ದರೆ ಅವಳ ಮಾತಾದರೂ ಉಳಿಯುತ್ತಿತ್ತೇನೋ. ಆದರೆ ಸ್ವಂತ ಚಾಕು ಇಲ್ಲದ ಚಿಕ್ಕಂದಿನಲ್ಲಿ ಅಣ್ಣನದನ್ನೇ ತಿರುವಿ, ಮೈಕಡೆಗೆ ಎಳೆದು ಸಂಭಾಳಿಸಿದ್ದು ನೆನಪಿತ್ತು. ಈಗಲೂ ಆದೀತು ಅಂದುಕೊಂಡಳು. ಮೊದಲ ಎಳೆತ ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಕಡ್ಡಿ ಟಪ್ಪೆಂದು ಉದ್ದಕ್ಕೂ ಸೀಳಿ, ಒಂದು ಚೂರು ಅಧ್ಯಕ್ಷರ ಬೂಟಿನ ಬಳಿ ಹೋಗಿ ಬಿತ್ತು.

ಎಡಚಿ ಮುದುಕನ ಕಡೆ ತಿರುಗಿದಳು. "ಚಾಕು ನೋಡಿದ್ರಲ್ಲ, ನೀವಾದ್ರೂ ಹೇಳಿ."

ಮುದುಕನ ಕಂಕುಳಲ್ಲಿ ಕಾಗದ ಸುತ್ತಿದ ಎರಡು ಹಲಗೆಗಳಿದ್ದವು. ಅರವತ್ತು ವರ್ಷ ಒಣಗಿದ ಮರ, ಪಿಟೀಲಿನ ಬೆನ್ನಿಗೆ ಹೇಳಿ ಮಾಡಿಸಿದಂಥದ್ದು. ಮೇಸ್ತ್ರಿ ಆಗಷ್ಟೇ ಬಿಟ್ಟಿಯಾಗಿ ಕೊಟ್ಟದ್ದು. ಮುದುಕ ಅವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದ.

"ನನಗೂ ವಯಸ್ಸಾಯ್ತಮ್ಮ. ಗಾಜಿನ ಮೇಲೆ ಬೆಳಕು ಬಿದ್ದು ಓರೆ ಯಾವುದು, ನೇರ ಯಾವುದು ಗೊತ್ತಾಗ್ಲಿಲ್ಲ."

"ಬರ್ಕೊಳ್ಳಿ ಸಾರ್," ಎಂದ ಮೇಸ್ತ್ರಿ. "ಆದಿಯಿಂದ ಅಂತ್ಯದವರೆಗೆ ಒಬ್ಬನೇ ಮಾಡಿದ್ದು ಅಂತ." ಆಮೇಲೆ ತಂಗಿಗೆ, ಬೆಣ್ಣೆಯಂಥ ದನಿಯಲ್ಲಿ: "ಆ ಚೂರು ಗುಡಿಸಿಬಿಡಮ್ಮ, ಯಾರಾದ್ರೂ ತುಳಿದಾರು."

ಗುಡಿಸಿದಳು.

ಸೋಮವಾರ ಫಲಕ ಬಂತು. ಒಂದೇ ಹೆಸರು, ಸುತ್ತ ಬಳ್ಳಿ. ಮಂಗಳವಾರ ಎಡಚಿ ಗಂಟು ಕಟ್ಟಿ ಹೊರಟಳು. ಅತ್ತಿಗೆ ಬಾಗಿಲಲ್ಲೇ ಅದನ್ನು ಬಿಚ್ಚಿಸಿದಳು. "ತಪ್ಪು ತಿಳ್ಕೋಬೇಡ. ಸಣ್ಣ ಸಾಮಾನು, ಬಟ್ಟೇಲಿ ಅಕಸ್ಮಾತ್ ಸೇರಿಕೊಂಡಿರುತ್ತೆ." ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ ಇತ್ತು.

"ನನ್ನ ಚಾಕು ಅತ್ತಿಗೆ?"

"ಅವು ಮ್ಯೂಸಿಯಂದು."

ಅತ್ತಿಗೆಯ ನೋಟ ಗಂಟಿನಿಂದ ಅವಳ ಮುಖಕ್ಕೆ ಏರಿತು. ಸಣ್ಣ ಕೆಲಸ ಮಾಡಿ ಮಾಡಿ ಕಣ್ಣು ಮಂಜಾದಾಗ ಅಣ್ಣ ಕೊಡಿಸಿದ್ದ ದಪ್ಪ ಕನ್ನಡಕ. "ಇದೂ ಕೆಲಸಕ್ಕೆ ಅಂತ ತಂದದ್ದು. ಕೆಲಸಾನೇ ಬಿಟ್ಟು ಹೊರಟವಳಿಗೆ ಯಾಕೆ?"

ಒಳಗಿನ ಕೋಣೆಯಲ್ಲಿ ಮೇಸ್ತ್ರಿ ಪೇಪರು ಮಗುಚಿದ ಸದ್ದು ಕೇಳಿಸಿತು. ಅವನು ಏಳಲಿಲ್ಲ.

ಎಡಚಿ ಕನ್ನಡಕ ತೆಗೆದು, ಎರಡೂ ಕಡ್ಡಿ ಮಡಚಿ, ಅತ್ತಿಗೆಯ ಕೈಗಿಟ್ಟಳು. ಹೊಸಿಲಾಚೆ ಐದು ಮೆಟ್ಟಿಲು. ಒಂದೊಂದನ್ನೂ ಪಾದದಿಂದ ತಡವಿ ಇಳಿದಳು. ಐದೂ ಮುಗಿದ ಮೇಲೆ ಇನ್ನೊಂದಿದೆಯೇನೋ ಎಂದು ಸಪಾಟು ರಸ್ತೆಯಲ್ಲಿ ನಿಂತು ಕಾಲು ಮುಂದೆ ಚಾಚಿ ನೋಡಿದಳು. ಮಂಗಳವಾರ ಬೆಳಿಗ್ಗೆ, ಎಡಚಿ ಹೋದದ್ದು ಹಾಗೆ.